ಅಬ್ಯೂಸ್ (ದುರ್ಬಳಕೆಯ ದೂರಿನ) ಮೇಲ್ ತೆರೆದೂ ನೋಡದವರಿಗೆ ಐಪಿ ವಿಳಾಸಗಳ ಬ್ಲಾಕ್ ಏಕೆ?

ಗೆ,
ಕುಂದುಕೊರತೆ ಅಧಿಕಾರಿಗಳು, ಬ್ರಾಡ್‌ಬ್ಯಾಂಡ್ ವಿಭಾಗ

ವಿಷಯ: ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಬ್ಲಾಕ್‌ಲಿಸ್ಟ್ ಆಗಿರುವ, ಅಂದರೆ ಮೇಲ್ ತಡೆಯುವ ಪಟ್ಟಿಗೆ ಸೇರಿರುವ ಬಗ್ಗೆ ಕೊನೆಯ ದೂರು

ಮಾನ್ಯರೇ,

ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಘಟಕದ ಮೇಲ್ ಸರ್ವರ್ ನೀವು ಕೊಟ್ಟ ಸ್ಟ್ಯಾಟಿಕ್ ಐಪಿಯಲ್ಲಿದೆ. ಕೊಟೇಶನ್, ಇನ್‌ವಾಯ್ಸ್ ಎಲ್ಲ 550 ಎರರ್ (ಮೇಲ್ ತಿರಸ್ಕೃತ) ಹೊತ್ತು ವಾಪಸ್ ಬರುತ್ತಿವೆ. ಮೇಲ್ ನಿಜಕ್ಕೂ ನಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ರಿವರ್ಸ್ ಡಿಎನ್‌ಎಸ್ ದಾಖಲೆಗಳು ಸರಿಯಾಗಿವೆ. ಸ್ಪ್ಯಾಮ್ ಹೊರಡುತ್ತಿರುವುದು ಅದೇ ಬ್ಲಾಕಿನ (ವಿಳಾಸಗಳ ಗುಂಪಿನ) ಇನ್ನೊಂದು ವಿಳಾಸದಿಂದ. ಅದರ ಬಗ್ಗೆ ಬಂದ ದೂರುಗಳಿಗೆ ನೀವು ಕಿವಿಗೊಡದ ಕಾರಣ ಇಡೀ 256 ವಿಳಾಸಗಳು ಸ್ಪ್ಯಾಮ್ ತಡೆಪಟ್ಟಿ ನಡೆಸುವ ಸ್ಪ್ಯಾಮ್‌ಹೌಸ್‌ ಸಂಸ್ಥೆಯ ಎಸ್‌ಬಿಎಲ್ ಪಟ್ಟಿಗೆ ಬಿದ್ದಿವೆ. ಅದರಿಂದ ತೆಗೆಸುವ ಕೋರಿಕೆ ನಿಮ್ಮಿಂದಲೇ ಹೋಗಬೇಕು, ಗ್ರಾಹಕರು ಕೇಳಿದರೆ ನಡೆಯದು.

ಇದನ್ನೇ ಫೋನಿನಲ್ಲಿ ಹೇಳಿದಾಗ ಬಂದ ಉತ್ತರ: "ರೌಟರ್ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದ್ದಾಯಿತು. "ಜಿಮೇಲ್ ಓಪನ್ ಆಗ್ತಿದೆಯಾ?" ಆಗ್ತಿದೆ. "ಹಾಗಾದ್ರೆ ನೆಟ್ ಸರಿಯಿದೆ." ಐಪಿ ಬ್ಲಾಕ್‌ಲಿಸ್ಟ್ ಆಗಿದೆ ಎಂದರೆ, "ಬಿಲ್ ಕಟ್ಟದಿದ್ರೆ ಬ್ಲಾಕ್ ಆಗತ್ತೆ ಸರ್, ಬಾಕಿ ಏನಾದ್ರೂ ಇಟ್ಟಿದ್ದೀರಾ?" ಸ್ಪೀಕರ್‌ನಲ್ಲಿದ್ದ ಆ ಮಾತನ್ನು ಎದುರು ಕೂತಿದ್ದ ನಮ್ಮ ಗ್ರಾಹಕರೂ ಕೇಳಿದರು. ಒಂದು ರೂಪಾಯಿಯೂ ಬಾಕಿಯಿಲ್ಲ. ಮೇಲಧಿಕಾರಿ ಲೈನಿಗೆ ಬಂದು, ದುಡ್ಡು ಕೊಟ್ಟರೆ ಹೊಸ ಐಪಿ ಕೊಡುತ್ತೇವೆ ಎಂದರು. ಅವರು ಹೇಳಿದ ಹೊಸ ಐಪಿಯೂ ಅದೇ 256ರೊಳಗಿನದು! ಯಾವ ಬ್ಲಾಕ್ ಪಟ್ಟಿಯಲ್ಲಿದೆ ಎಂದು ನೋಡುವಷ್ಟು ತಾಳ್ಮೆಯೂ ನಿಮ್ಮಲ್ಲಿ ಯಾರಿಗೂ ಇಲ್ಲವೇ?

ಐಪಿ ಯಾರದೆಂದು ತೋರಿಸುವ ಹೂಈಸ್ ದಾಖಲೆಯಲ್ಲಿರುವ ನಿಮ್ಮ ಅಬ್ಯೂಸ್ ವಿಳಾಸಕ್ಕೆ ಬರೆದರೆ 552 ಎರರ್, ಮೇಲ್‌ಬಾಕ್ಸ್ ಭರ್ತಿ. ಏಪ್ನಿಕ್ (ಏಷ್ಯಾ-ಪೆಸಿಫಿಕ್‌ನ ಐಪಿ ನೋಂದಣಿ ಸಂಸ್ಥೆ) ವಲಯದಲ್ಲಿ ಈ ಸಂಪರ್ಕ ವಿಳಾಸ 2010ರಿಂದ ಕಡ್ಡಾಯ. 6 ತಿಂಗಳಿಗೊಮ್ಮೆ ಅದನ್ನು ದೃಢೀಕರಿಸಲೂಬೇಕು. ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ದೃಢೀಕರಣದ ಲಿಂಕ್ ಒತ್ತಿದರೆ ವಿಳಾಸ ಜೀವಂತವಿದೆ ಎಂದಷ್ಟೇ ಗೊತ್ತಾಗುತ್ತದೆ, ದೂರು ಯಾರಾದರೂ ಓದಿದರೇ ಎಂಬುದಲ್ಲ. ವೆಬ್‌ಸೈಟಿನಲ್ಲಿ ಯಾರು ಏನು ಬರೆಯಬೇಕೆಂದು ನೋಂದಣಿ ಸಂಸ್ಥೆ ತೀರ್ಮಾನಿಸುವುದು ಬೇಡ, ಅದಕ್ಕೆ ಕೋರ್ಟ್ ಇದೆ. ಆದರೆ ಐಪಿ ವಿಳಾಸಗಳನ್ನು ಷರತ್ತಿನ ಮೇಲೆ ಕೊಟ್ಟ ಮೇಲೆ ಆ ಷರತ್ತು ಮುರಿದವರನ್ನು ಹಿಡಿದು ಕೇಳುವುದಂತೂ ಅದರದೇ ಕೆಲಸ. ಕೇಳದಿದ್ದರೆ ನಿಮ್ಮಂಥವರ ಉದಾಸೀನಕ್ಕೆ ದಂಡ ಕಟ್ಟುವವರು ನಾವು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಸ್ಪ್ಯಾಮ್ ಹೊರಟ ಐಪಿ, ಸಮಯ, ಸಿಜಿನ್ಯಾಟ್ (ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಇದ್ದರೆ ಸೋರ್ಸ್ ಪೋರ್ಟ್ ಸಂಖ್ಯೆ, ಇವನ್ನು ಯಾವ ಗ್ರಾಹಕರು ಯಾವಾಗ ಯಾವ ಐಪಿಯಲ್ಲಿದ್ದರು ಎಂದು ಹೇಳುವ ನಿಮ್ಮ ರೇಡಿಯಸ್ ಮತ್ತು ನ್ಯಾಟ್ ಲಾಗಿಗೆ ಹೋಲಿಸಿ. ದೂರಿನಲ್ಲಿ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ (ಜಾಗತಿಕ ಸಮಯ). 5 ಗಂಟೆ 30 ನಿಮಿಷ ಕೂಡಿಸದಿದ್ದರೆ ತಪ್ಪು ಮನೆಯ ಬಾಗಿಲು ತಟ್ಟುತ್ತೀರಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ 180 ದಿನಗಳ ಲಾಗ್ ನಿಮ್ಮ ಬಳಿ ಇರಲೇಬೇಕು, ಆದ್ದರಿಂದ ಸಿಗಲಿಲ್ಲ ಎನ್ನಬೇಡಿ. ಡೈನಾಮಿಕ್ (ಬದಲಾಗುವ ಐಪಿಯ) ಗ್ರಾಹಕರಿಗೆ ಸ್ಪ್ಯಾಮ್ ನೇರವಾಗಿ ಹೊರಡುವ ಪೋರ್ಟ್ 25 ಮುಚ್ಚಿ, ಲಾಗಿನ್ ಆಗಿ ಮೇಲ್ ಕಳಿಸುವ 587 ತೆರೆದಿಡಿ. ವೈರಸ್ ಸೋಂಕು ತಗುಲಿ ಸ್ಪ್ಯಾಮ್ ಕಳಿಸುವ ಸಂಪರ್ಕವನ್ನು ನಿಲ್ಲಿಸಿದ ಮೇಲಷ್ಟೇ ಪಟ್ಟಿಯಿಂದ ತೆಗೆಯಲು ಕೇಳಿ. ಮೊದಲೇ ಕೇಳಿದರೆ ಮರಳಿ ಸೇರಿಸುತ್ತಾರೆ, ಆಮೇಲೆ ನಿಮ್ಮ ಮಾತು ನಂಬುವುದೂ ಕಷ್ಟ.

7 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ 552 ಬೌನ್ಸ್‌ಗಳನ್ನು ಪೂರ್ಣ ಹೆಡರ್ ಸಮೇತ ಐಆರ್‌ಐಎನ್‌ಎನ್ (ಭಾರತದ ಐಪಿ ನೋಂದಣಿ ಸಂಸ್ಥೆ) ಮತ್ತು ಏಪ್ನಿಕ್‌ಗೆ ಕಳಿಸಿ, ನಿಮ್ಮ ಅಬ್ಯೂಸ್ ವಿಳಾಸ ಅಮಾನ್ಯವೆಂದು ದೂರು ಕೊಡುತ್ತೇವೆ. ಸ್ಟ್ಯಾಟಿಕ್ ಐಪಿ ಶುಲ್ಕ ವಾಪಸಿಗೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅರ್ಜಿ ಹಾಕುತ್ತೇವೆ. ನೀವು ಕ್ಷಮೆ ಕೇಳಿದರೂ ಸಂಪರ್ಕ ಮುಂದುವರಿಸುವುದಿಲ್ಲ. ಈ ಪತ್ರದ ಪ್ರತಿಯನ್ನು ಇದೇ ಬ್ಲಾಕಿನಲ್ಲಿರುವ ನೆರೆಯ ಘಟಕಗಳಿಗೂ ಕೊಡುತ್ತಿದ್ದೇವೆ.

ಇಂತಿ,
ನಿಮ್ಮ ಸ್ಟ್ಯಾಟಿಕ್ ಐಪಿ ಗ್ರಾಹಕರು, ಹೆಬ್ಬಾಳ, ಮೈಸೂರು