ಇನ್ನೂ ಹೋರಾಡುತ್ತಿರುವವರೂ ಸಾಕ್ಷಿ ಹೇಳಲಿ

ಮಾನ್ಯ ಸಂಪಾದಕರೇ,

ಈಸ್ಟರ್ ಮುಗಿದ ಮೇಲೆ ಮೈಸೂರಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಒಂದು ಸಂಕಟ ಶುರುವಾಗುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್‌ನ 40 ದಿನ ಕುಡಿತ ಬಿಟ್ಟವರು, ಮಾಂಸ ಬಿಟ್ಟವರು, ಮೊಬೈಲ್‌ನಲ್ಲಿ ನೋಡಬಾರದ್ದನ್ನು ನೋಡುವ ಚಟ ಬಿಟ್ಟವರು ಹಬ್ಬ ಕಳೆದು ಸ್ವಲ್ಪ ದಿನಕ್ಕೇ ಮತ್ತೆ ಹಳೇ ದಾರಿಗೆ ಬಂದಿರುತ್ತಾರೆ. ಮಾಂಸದ ಮಾತು ಬಿಡಿ, ಅದು ಪಾಪವಲ್ಲ. ಮಿಕ್ಕಿದ್ದರಲ್ಲಿ ಮತ್ತೆ ಬಿದ್ದವರು ಮಾತ್ರ ‘ನನ್ನ ನಂಬಿಕೆಯೇ ಸುಳ್ಳು’ ಅಂದುಕೊಂಡು ಚರ್ಚಿಗೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಅವರಿಗಾಗಿಯೇ ಈ ಪತ್ರ.

ಇದರಲ್ಲಿ ನಮ್ಮ ಸಭೆಗಳ ಪಾಲೂ ಇದೆ. ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳುವ ಹೊತ್ತಿನಲ್ಲಿ ಎದ್ದು ನಿಲ್ಲುವವರು ಯಾರು? ಒಂದೇ ರಾತ್ರಿಯಲ್ಲಿ ಬಿಡುಗಡೆ ಸಿಕ್ಕವರು. ಅಂಥವರಿದ್ದಾರೆ, ದೇವರಿಗೆ ಸ್ತೋತ್ರ. ಆದರೆ ಅದೇ ಬೆಂಚಿನಲ್ಲಿ ಕೋಪದ ಜೊತೆ, ಹೊಟ್ಟೆಕಿಚ್ಚಿನ ಜೊತೆ, ಕಾಮದ ಯೋಚನೆಗಳ ಜೊತೆ ವರ್ಷಗಟ್ಟಲೆ ಗುದ್ದಾಡುತ್ತಾ, ಒಂದು ದಿನ ಗೆದ್ದು ಮಾರನೇ ದಿನ ಸೋತು, ಆದರೂ ಮೊಣಕಾಲೂರಿ ಪ್ರಾರ್ಥಿಸುವವರು ಇನ್ನೂ ಜಾಸ್ತಿ. ಅವರಿಗೆ ಮೈಕ್ ಸಿಗುವುದಿಲ್ಲ.

ಬೈಬಲಿನ ಎಷ್ಟೋ ಪತ್ರಗಳನ್ನು ಬರೆದ ಅಪೊಸ್ತಲ ಪೌಲನನ್ನೇ ನೋಡಿ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ, ಮಾಡಬೇಕು ಅಂದುಕೊಂಡ ಒಳ್ಳೆಯದು ನನ್ನಿಂದ ಆಗುತ್ತಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತಿದ್ದೇನೆ ಅಂತ ಗೋಳಾಡುತ್ತಾನೆ. ಅದು ಕ್ರಿಸ್ತನನ್ನು ನಂಬುವ ಮುಂಚಿನ ಸ್ಥಿತಿ ಅನ್ನುವ ಬೋಧಕರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯ ನಂಬಿದವರಿಗೇ ಬರೆದದ್ದು ಅಲ್ವಾ? ಅಲ್ಲೂ ಶರೀರದ ಆಸೆ ಪವಿತ್ರಾತ್ಮನಿಗೆ ಎದುರು ನಿಂತಿದೆ. ಪ್ರಾಚೀನ ಕ್ರೈಸ್ತ ಸಭೆಯ ದೊಡ್ಡ ಬೋಧಕ ಸಂತ ಅಗಸ್ಟೀನರ ಮನಸ್ಸು ಕ್ರಿಸ್ತನ ಕಡೆ ತಿರುಗಿದ್ದು 386ರಲ್ಲಿ, ಮಿಲಾನ್ ನಗರದಲ್ಲಿ. ಹತ್ತು ವರ್ಷ ಕಳೆದು ಬಿಷಪ್ ಆದ ಮೇಲೂ, ಹಳೆಯ ಆಸೆಗಳು ಕನಸಿನಲ್ಲಿ ಬಂದು ಕಾಡುತ್ತವೆ, ಹೊಗಳಿಕೆ ಕೇಳಿದರೆ ಮನಸ್ಸು ಉಬ್ಬುತ್ತದೆ ಅಂತ ಅವರೇ ಬರೆದುಕೊಂಡರು. ಬಿಷಪ್ಪರೇ ಮುಚ್ಚಿಡದಿದ್ದ ಮೇಲೆ ನಮ್ಮ ಹುಡುಗರು ಯಾಕೆ ಒಳಗೊಳಗೇ ಬೇಯಬೇಕು?

ಮಂಡ್ಯದ ಕಡೆ ಹೊಲದಲ್ಲಿ ಕೊನ್ನಾರಿ ಕಳೆ ಕಿತ್ತು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಕಿತ್ತರೂ ಗಡ್ಡೆ ಮಣ್ಣಿನಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಅದಕ್ಕೇ ಅಂತ ಯಾರೂ ಹೊಲ ಬಿಟ್ಟು ಹೋಗುವುದಿಲ್ಲ.

ಹೀಗೆಂದರೆ ಪಾಪಕ್ಕೆ ಸಲಿಗೆ ಕೊಟ್ಟಂತೆ ಅಂತ ಹಿರಿಯರು ಆಕ್ಷೇಪಿಸಬಹುದು. ಖಂಡಿತ ಅಲ್ಲ. ಪಾಪದ ಜೊತೆ ರಾಜಿಯಾಗಿ ಆರಾಮಾಗಿರುವವನೇ ಬೇರೆ, ಬಿದ್ದಾಗಲೆಲ್ಲ ಅಳುತ್ತಾ ಎದ್ದು ಬರುವವನೇ ಬೇರೆ. ನೀತಿವಂತನು ಏಳು ಸಾರಿ ಬಿದ್ದರೂ ಏಳುತ್ತಾನೆ ಅನ್ನುತ್ತದೆ ಬೈಬಲಿನ ಜ್ಞಾನೋಕ್ತಿ. ಬೀಳುವುದೇ ಇಲ್ಲ ಅನ್ನುವುದಿಲ್ಲ.

ಒಬ್ಬರೇ ಹೋರಾಡುವುದು ಕಷ್ಟ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಅಂತ ಬೈಬಲಿನ ತನ್ನ ಪತ್ರದಲ್ಲಿ ಯಾಕೋಬನು ಬರೆದಿದ್ದಾನೆ. ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಕಥೋಲಿಕ ಬಂಧುಗಳಿಗೆ ಪಾಪನಿವೇದನೆ ಇದೆ, ಫಾದರ್ ಮುಂದೆ ಹೇಳಿಕೊಳ್ಳಬಹುದು. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಅಂಥ ಜಾಗವೇ ಕಡಿಮೆ. ಹೇಳಿಕೊಂಡರೆ ಮುಂದಿನ ಭಾನುವಾರದೊಳಗೆ ಸಭೆಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ ಬೇರೆ. ಈ ಹರಟೆ ನಿಲ್ಲಬೇಕು. ಕುಡಿತದ ವಿಷಯದಲ್ಲಂತೂ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ದಿನಾ ಜಾಸ್ತಿ ಕುಡಿಯುತ್ತಿದ್ದವರು ದಿಢೀರನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯವಾಗಬಹುದು. ಅದನ್ನು ನಂಬಿಕೆಯ ಕೊರತೆ ಅನ್ನುವುದು ಕ್ರೂರ.

ಚರ್ಚಿಗೆ ಬರುವುದನ್ನು ಬಿಟ್ಟವರೇ, ದಯವಿಟ್ಟು ಈ ಭಾನುವಾರ ಬನ್ನಿ. ಅಯ್ಯನವರಲ್ಲಿ, ಪಾಸ್ಟರ್‌ಗಳಲ್ಲಿ ನನ್ನದೊಂದು ಬೇಡಿಕೆ: ಮುಂದಿನ ಉಪವಾಸ ಕೂಟದಲ್ಲಿ ಇನ್ನೂ ಗೆಲ್ಲದವರಿಗೂ ಐದು ನಿಮಿಷ ಕೊಡಿ, ಮತ್ತು ಅವರು ಮಾತು ಮುಗಿಸಿದ ಕೂಡಲೇ ಬುದ್ಧಿ ಹೇಳಲು ಹೋಗಬೇಡಿ.

– ಸಭೆಯ ಸದಸ್ಯರೊಬ್ಬರು, ಮೈಸೂರು