ಲೆಕ್ಕ ಕೇಳಿದ್ದಕ್ಕೆ ಬೈಗುಳ

ಮಾನ್ಯರೇ,

ನಮ್ಮೂರಿನ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿಯ ಲೆಕ್ಕ ಕೇಳಿದರು. ಲೆಕ್ಕ ಯಾರೂ ಕೊಡಲಿಲ್ಲ. ಅವರ ಸೀರೆ, ನಡತೆ, ಗಂಡನ ಬಗ್ಗೆ ಹೊಲಸು ಮಾತು ಬಂದವು. ಮೂರೇ ದಿನಕ್ಕೆ ಗ್ರೂಪ್ ಬಿಟ್ಟರು. ಈಗ ಸಭೆಯಲ್ಲೂ ಬಾಯಿ ಬಿಡುವುದಿಲ್ಲ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಸಾರಾ ಸೋಬಿರಾಜ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮೊದಲು ಟಿವಿ, ರೇಡಿಯೊಗಳು ಸಿಟ್ಟನ್ನು ಮಾರಿ ದುಡ್ಡು ಮಾಡುವುದನ್ನು ನೋಡಿದರು. ಆಮೇಲೆ ಆನ್‌ಲೈನ್‌ನಲ್ಲಿ ಬೈಸಿಕೊಂಡ ಹೆಣ್ಣುಮಕ್ಕಳನ್ನೇ ಮಾತನಾಡಿಸಿ, 2020ರಲ್ಲಿ ಪುಸ್ತಕ ತಂದರು. ದಾಳಿ ನಡೆಯುವುದು ವಾದದ ಮೇಲಲ್ಲ, ಹೆಣ್ಣೆಂಬುದರ ಮೇಲೆ. ಅದಕ್ಕೇ ಎಷ್ಟೋ ಜನ ಮಾತೇ ನಿಲ್ಲಿಸುತ್ತಾರೆ. ನಮ್ಮ ಗುಬ್ಬಿ ಕಡೆಯೂ ಆಗಿದ್ದು ಅದೇ ಅಲ್ವಾ?

ಪಂಚಾಯಿತಿಯಲ್ಲಿ ಮಹಿಳೆಯರಿಗೆ ಶೇ 50 ಮೀಸಲಾತಿ ಇದೆ. ಆದರೆ ಹೀಗೆ ಬಾಯಿ ಮುಚ್ಚಿಸಿದರೆ ಅದರಿಂದ ಏನು ಪ್ರಯೋಜನ? ಅಡ್ಮಿನ್‌ಗಳೇ, ಹೊಲಸು ಮೆಸೇಜ್ ಹಾಕಿದವರನ್ನು ಗ್ರೂಪಿನಿಂದ ತೆಗೆಯಿರಿ. ಆ ಅಕ್ಕ ಕೇಳಿದ ಲೆಕ್ಕವನ್ನೂ ಕೊಡಿಸಿ.

– ಓದುಗ, ಗುಬ್ಬಿ, ತುಮಕೂರು ಜಿಲ್ಲೆ