ಅಣ್ಣನಿಗೆ ಎಚ್ಚರವಾಗುವ ಹೊತ್ತು

ಪ್ರಿಯ ಮಿತ್ರರೇ,

ನಿಮ್ಮ ಕಾದಂಬರಿಯ ಆರು ಅಧ್ಯಾಯಗಳನ್ನು ಓದಿದೆ. ಮೊದಲ ಪುಟದಲ್ಲಿ 'ಆಫ್ರಿಕಾದ ಪುರಾಣ ಆಧರಿಸಿದ ಫ್ಯಾಂಟಸಿ' ಎಂದು ಬರೆದಿದ್ದೀರಲ್ಲ, ಅದನ್ನು ಹೊಡೆದುಹಾಕಿ. 54 ದೇಶಗಳ ಖಂಡಕ್ಕೆ ಒಂದೇ ಪುರಾಣ ಎಲ್ಲಿಂದ ಬರಬೇಕು? ನಿಮ್ಮ ಅಣ್ಣ ಒಬಾತಾಲಾ, ತಮ್ಮ ಒಡುಡುವಾ ಇಬ್ಬರೂ ನೈರುತ್ಯ ನೈಜೀರಿಯಾದ ಯೊರುಬಾ ಜನರ ದೇವರುಗಳು. ಅವರ ಊರು ಇಲೆ-ಇಫೆ ಇಂದಿಗೂ ಇದೆ. ಗುಲಾಮರ ಹಡಗು ಹತ್ತಿಸಲಾದ ಜನರೊಂದಿಗೆ ಒಬಾತಾಲಾ ಕ್ಯೂಬಾ, ಬ್ರೆಜಿಲ್‌ಗಳನ್ನೂ ಸೇರಿದ. ಅಲ್ಲಿಯೂ ಅವನಿಗೆ ಪೂಜೆ ನಿಂತಿಲ್ಲ. ಹಾಗಾಗಿ ಸ್ವಲ್ಪ ಹೆದರಿಕೊಂಡೇ ಬರೆಯಿರಿ.

ನಿಮ್ಮ ಕಥೆ ಎಡವಿರುವುದು 'ದಾಯಾದಿ' ಎಂಬ ಪದದಲ್ಲಿ. ಅದು ಬಂದ ಕೂಡಲೇ ಪಾಲು, ಸಿಂಹಾಸನ, ಸೇನೆ ಎಲ್ಲವೂ ಹಿಂದೆಯೇ ಬಂದಿವೆ. ಭರತ-ಬಾಹುಬಲಿಯರೇ ವೇಷ ಬದಲಿಸಿ ನಿಂತಂತಿದೆ. ಯೊರುಬಾ ಕಥೆಯಲ್ಲಿ ಪಾಲಿನ ಮಾತೇ ಇಲ್ಲ. ಕೆಳಗೆಲ್ಲ ಬರೀ ನೀರು. ನೆಲ ಮಾಡಿ ಬಾ ಎಂದು ಎಲ್ಲರಿಗೂ ಮೇಲಿನ ದೇವರಾದ ಒಲೊಡುಮಾರೆ ಅಣ್ಣನನ್ನು ಕಳಿಸುತ್ತಾನೆ. ಇಳಿಯಲು ಸರಪಳಿ, ಬಸವನಹುಳುವಿನ ಚಿಪ್ಪಿನ ತುಂಬ ಮಣ್ಣು, ಐದು ಬೆರಳಿನ ಒಂದು ಕೋಳಿ. ಅವನು ದಾರಿಯಲ್ಲಿ ತಾಳೆ ಹೆಂಡ ಕುಡಿದು ಮಲಗಿಬಿಡುತ್ತಾನೆ. ತಮ್ಮ ಎಲ್ಲವನ್ನೂ ಎತ್ತಿಕೊಂಡು ಇಳಿದು ನೀರಿನ ಮೇಲೆ ಮಣ್ಣು ಸುರಿಯುತ್ತಾನೆ. ಕೋಳಿ ಕೆದರಿದಷ್ಟೂ ದೂರ ನೆಲವಾಗುತ್ತದೆ. (ಬೇರೆ ಪಾಠಗಳಲ್ಲಿ ಭೂಮಿ ಮಾಡುವವನು ಒಬಾತಾಲಾನೇ, ಕೆಲವೆಡೆ ಒಡುಡುವಾ ಹೆಣ್ಣು. ನೀವು ಹಿಡಿದಿರುವುದು ಈ ಪಾಠ, ಇರಲಿ.)

ತನಗೆ ಒಪ್ಪಿಸಿದ ಕೆಲಸ ತಾನು ಮಲಗಿದ್ದಾಗ ಮುಗಿದುಹೋಗಿದೆ. ಅಣ್ಣ ಯಾರ ಮೇಲೆ ಸಿಟ್ಟಾಗಬೇಕು? ನಾನೂ ನನ್ನ ತಮ್ಮನೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ಜಗಳ ತೋಟದ ಬೇಲಿಯದು ಎಂದು ಊರು ನಂಬಿತ್ತು. ಅಪ್ಪನ ಕೊನೆಯ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಕೂತವನು ಅವನು, ನಾನಲ್ಲ. ಬೇಲಿ ಒಂದು ನೆಪ.

ನೀವೋ, ಒಬಾತಾಲಾನಿಗೆ ಕಪ್ಪು ಕವಚ ತೊಡಿಸಿ ಯುದ್ಧಕ್ಕೆ ತಂದಿದ್ದೀರಿ. ಅವನು ಬಿಳಿ ಬಟ್ಟೆಯ ದೇವರು, ಸ್ವಾಮಿ! ಮುಂದೆ ಅವನಿಗೆ ಸಿಗುವ ಕೆಲಸ ಮಣ್ಣಿನಿಂದ ಮನುಷ್ಯರ ಮೈ ತಿದ್ದುವುದು. ಅಲ್ಲಿಯೂ ಒಂದು ದಿನ ಕುಡಿಯುತ್ತಾನೆ. ಗೂನು ಬೆನ್ನಿನವರು, ಕಾಲು ಸೊಟ್ಟಗಾದವರು ಅವನ ಕೈಯಿಂದ ಹೊರಬರುತ್ತಾರೆ. ಅಮಲು ಇಳಿದ ಮೇಲೆ ಅವರನ್ನೆಲ್ಲ ತನ್ನವರೆಂದು ಕಾಯುತ್ತಾನೆ. ಅವನ ಭಕ್ತರು ಇಂದಿಗೂ ತಾಳೆ ಹೆಂಡ ಮುಟ್ಟುವುದಿಲ್ಲ. ತಮ್ಮ ಮಾಡಿದ ನೆಲದ ಮೇಲೆ ಅಣ್ಣ ಮಾಡಿದ ಮನುಷ್ಯರು ಕುಂಟುತ್ತಾ ನಡೆಯುವ ಒಂದು ಪುಟ ನಿಮ್ಮ ಯುದ್ಧದ ನಲವತ್ತು ಪುಟಗಳಿಗಿಂತ ನನಗೆ ಬೇಕು.

ಆರನೆಯ ಅಧ್ಯಾಯವನ್ನು ಅವನಿಗೆ ಎಚ್ಚರವಾಗುವಲ್ಲಿಂದ ಮತ್ತೆ ಬರೆಯಿರಿ. ಪಕ್ಕದಲ್ಲಿ ಚಿಪ್ಪಿಲ್ಲ, ಸರಪಳಿ ಕೆಳಗೆ ಇಳಿಬಿದ್ದಿದೆ. ಅವನಿಗೆ ಇನ್ನೂ ಏನೂ ಅರ್ಥವಾಗಿಲ್ಲ. ಬರೆದು ಕಳಿಸಿ.

ಅಂದಹಾಗೆ, ಎರಡನೆಯ ಅಧ್ಯಾಯದ ನಂತರ ಕೋಳಿ ಎಲ್ಲಿ ಹೋಯಿತು?

ನಿಮ್ಮವ